ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಶುರುಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬನಶಂಕರಿಯಲ್ಲಿ ಒಂದು ಪುಟ್ಟ ಕೋಣೆ ಇಟ್ಟುಕೊಂಡು ಆಪ್ತಸಮಾಲೋಚನೆ ಮಾಡುವವಳು ನಾನು. ತಿಂಗಳಿಗೊಂದು ಶನಿವಾರ ಈ ಕೆಲಸಕ್ಕೆ ಹೊಸದಾಗಿ ಇಳಿದ ನಾಲ್ಕೈದು ಜನ ಕಾಫಿಗೆ ಬರುತ್ತಾರೆ. ಕಾಫಿ ನೆಪ ಅಷ್ಟೇ. ಪ್ರತಿ ಸಲವೂ ಅವೇ ಪ್ರಶ್ನೆಗಳು ಸುತ್ತಿ ಬಳಸಿ ಬರುತ್ತವೆ. ಬರೆದಿಟ್ಟರೆ ಕಾಫಿ ಹೊತ್ತಿಗೆ ಬೇರೆ ಮಾತಾಡಬಹುದು ಅಂತ ಇದನ್ನು ಮಾಡಿದ್ದೇನೆ. ಇಲ್ಲಿ ಬರುವ ಕ್ಲೈಂಟ್‌ಗಳ ಊರು, ವಯಸ್ಸು, ಕೆಲಸ ಎಲ್ಲವನ್ನೂ ಬದಲಾಯಿಸಿದ್ದೇನೆ. ಕೆಲವು ಕಡೆ ಇಬ್ಬರ ಕತೆ ಸೇರಿಸಿ ಒಬ್ಬರದು ಮಾಡಿದ್ದೇನೆ.

ಬೋರ್ಡ್ ಹಾಕೋಕೆ ಲೈಸೆನ್ಸ್ ಬೇಕಾ?

ಯಾವ ಬೋರ್ಡ್ ಅನ್ನುವುದರ ಮೇಲೆ ಹೋಗುತ್ತದೆ. 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂತ ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಲೇಬೇಕು. ಅದು 1992ರ ಕಾಯ್ದೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿ ಓದಿದವರು, ಮಾತ್ರೆ ಬರೆಯುವುದು ಅವರ ಕೆಲಸ. 'ಕೌನ್ಸೆಲರ್', 'ಥೆರಪಿಸ್ಟ್', 'ಆಪ್ತಸಮಾಲೋಚಕಿ' ಅನ್ನುವ ಹೆಸರುಗಳಿಗೆ ಮಾತ್ರ ಬೇಲಿಯೇ ಇಲ್ಲ. ಎಂಎಸ್ಸಿ ಸೈಕಾಲಜಿ ಮಾಡಿ ಎರಡು ವರ್ಷ ಹಿರಿಯರ ಕೈಕೆಳಗೆ ಪಳಗಿದವರೂ ಈ ಬೋರ್ಡ್ ಹಾಕುತ್ತಾರೆ. ಎರಡು ಭಾನುವಾರದ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಇದೇ ಬೋರ್ಡ್ ಹಾಕುತ್ತಾರೆ. ಮೆಟ್ಟಿಲು ಹತ್ತಿ ಬಂದ ಮನುಷ್ಯನಿಗೆ ಯಾರು ಯಾರು ಅಂತ ಹೇಗೆ ಗೊತ್ತಾಗಬೇಕು?

2017ರ ಮಾನಸಿಕ ಆರೋಗ್ಯ ಕಾಯ್ದೆ 'ಮಾನಸಿಕ ಆರೋಗ್ಯ ವೃತ್ತಿಪರರು' ಅಂತ ಒಂದು ಪಟ್ಟಿ ಕೊಡುತ್ತದೆ. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು, ನರ್ಸ್‌ಗಳು ಅದರಲ್ಲಿದ್ದಾರೆ. ಆಯುರ್ವೇದದಲ್ಲಿ ಮನೋವಿಜ್ಞಾನ ಓದಿದವರಿಗೂ ಜಾಗ ಇದೆ. ಕೌನ್ಸೆಲರ್ ಅನ್ನುವ ಪದ ಇಲ್ಲ. ಆಮೇಲೆ 2021ರಲ್ಲಿ ಇನ್ನೊಂದು ಕಾಯ್ದೆ ಬಂತು. ಆರೋಗ್ಯಕ್ಕೆ ಸಂಬಂಧಪಟ್ಟ ಹಲವು ವೃತ್ತಿಗಳನ್ನು ಒಂದೇ ರಾಷ್ಟ್ರೀಯ ಆಯೋಗದ ಕೆಳಗೆ ತರುವ ಕಾಯ್ದೆ ಅದು. ಸೈಕಾಲಜಿಸ್ಟ್‌ಗಳು, ಕೆಲವು ಬಗೆಯ ಕೌನ್ಸೆಲರ್‌ಗಳು, ಸೋಷಿಯಲ್ ವರ್ಕರ್‌ಗಳು ಅದರ ಪಟ್ಟಿಯಲ್ಲಿದ್ದಾರೆ. ರಾಜ್ಯಗಳಲ್ಲಿ ಪರಿಷತ್ತು, ರಿಜಿಸ್ಟರ್ ಎಲ್ಲ ಆಗಬೇಕು ಅನ್ನುತ್ತದೆ. ಆದರೆ ನಮ್ಮ ದಿನದಿನದ ಕೆಲಸಕ್ಕೆ ಅದರ ಬಿಸಿ ಇನ್ನೂ ಪೂರ್ತಿ ತಟ್ಟಿಲ್ಲ.

ನನ್ನ ಸಲಹೆ ಇಷ್ಟೇ. ಮಾರ್ಕ್ಸ್ ಕಾರ್ಡ್, ತರಬೇತಿ ಪತ್ರ, ಯಾರ ಕೈಕೆಳಗೆ ಎಷ್ಟು ಗಂಟೆ ಕೆಲಸ ಮಾಡಿದಿರಿ ಅನ್ನುವ ಲೆಕ್ಕ, ಎಲ್ಲವನ್ನೂ ಇವತ್ತಿನಿಂದಲೇ ಒಂದು ಫೈಲಿನಲ್ಲಿಡಿ. ನಾಳೆ ರಿಜಿಸ್ಟರ್ ತೆರೆದಾಗ ಹಳೇ ಕಾಲೇಜಿಗೆ ಓಡುವುದು ತಪ್ಪುತ್ತದೆ. ಓದಿದ್ದೇನು ಅನ್ನುವುದನ್ನು ಗೋಡೆಯ ಮೇಲೆ ಕನ್ನಡದಲ್ಲೂ ಬರೆದು ಹಾಕಿ.

ಎಲ್ಲರೂ 'ಡಾಕ್ಟ್ರೇ' ಅಂತಾರೆ. ತಿದ್ದಬೇಕಾ?

ತಿದ್ದಬೇಕು, ಮೊದಲ ದಿನವೇ. "ನಾನು ಡಾಕ್ಟರಲ್ಲ, ಮಾತ್ರೆ ಬರೆಯಲ್ಲ" ಅಂದರೆ ಸಾಕು. ಪಿಎಚ್‌ಡಿ ಆಗಿದ್ದರೂ ಇದನ್ನು ಹೇಳಿ. ಅವರು ಕೇಳಿಸಿಕೊಂಡು, ತಲೆ ಆಡಿಸಿ, ಮತ್ತೆ 'ಡಾಕ್ಟ್ರೇ' ಅಂತಾರೆ. ಅದು ಬೇರೆ ಮಾತು.

ಅಮ್ಮ ಫೋನ್ ಮಾಡಿ "ನನ್ನ ಮಗಳು ನಿಮ್ಮ ಹತ್ರ ಏನು ಹೇಳಿದಳು?" ಅಂದರೆ?

ಇದು ಬರದ ವಾರವೇ ಇಲ್ಲ. ಅಮ್ಮ, ಅಪ್ಪ, ಗಂಡ, ಒಮ್ಮೊಮ್ಮೆ ಸೋದರಮಾವ. "ಫೀಸು ಕೊಡೋದು ನಾವು ತಾನೇ?" ಅನ್ನುವುದು ಅವರ ವಾದ. ಕಾಳಜಿ ಇಲ್ಲ ಅಂತಲ್ಲ. ನಮ್ಮ ಮನೆಗಳಲ್ಲಿ ಒಬ್ಬರ ಕಷ್ಟ ಅಂದರೆ ಮನೆಯವರೆಲ್ಲರ ಕಷ್ಟ. ಗುಟ್ಟು ಅನ್ನುವುದನ್ನೇ ಕಳ್ಳತನದ ಹಾಗೆ ನೋಡುತ್ತೇವೆ. ಹಾಗಾಗಿ ಪುಸ್ತಕದಲ್ಲಿ ಓದಿದ ಒಂದು ಸಾಲು ಒಪ್ಪಿಸಿ ಫೋನ್ ಇಟ್ಟರೆ ಆ ಹುಡುಗಿ ಮುಂದಿನ ವಾರ ಬರುವುದಿಲ್ಲ. ಕಳಿಸುವವರೇ ನಿಲ್ಲಿಸುತ್ತಾರೆ.

ನಾನು ಹೇಳುವುದು: "ಅಮ್ಮಾ, ನೀವು ಏನು ಹೇಳಿದರೂ ಕೇಳಿಸಿಕೊಳ್ಳುತ್ತೇನೆ. ಆದರೆ ನೀವು ಫೋನ್ ಮಾಡಿದ್ದನ್ನು ಅವಳಿಗೆ ಹೇಳುತ್ತೇನೆ. ಅವಳು ಹೇಳಿದ್ದನ್ನು ನಿಮಗೆ ಹೇಳೋಕೆ ಆಗಲ್ಲ. ಅವಳ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನೇ ನಿಮಗೆ ಫೋನ್ ಮಾಡ್ತೀನಿ." ಈ ಕೊನೆಯ ಮಾತು ಕೇಳಿ ಅರ್ಧ ಅಮ್ಮಂದಿರು ಸಮಾಧಾನ ಆಗುತ್ತಾರೆ. ಅವರಿಗೆ ಬೇಕಿದ್ದುದು ಅದೇ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಕೇಸು ಹಾಕಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನವರೇ, ಬೆಂಗಳೂರಿನಲ್ಲೇ ಇದ್ದವರು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ನೂ ಗುಟ್ಟು ಕಾಯಬೇಕು ಅನ್ನುತ್ತದೆ. ಜೊತೆಗೆ ಎಲ್ಲಿ ಬಾಯಿ ಬಿಡಬಹುದು ಅನ್ನುವುದನ್ನೂ ಹೇಳುತ್ತದೆ: ಜೀವಕ್ಕೆ ಅಪಾಯ ಇದ್ದಾಗ, ಬೇರೆಯವರಿಗೆ ಹಾನಿ ಆಗುವಂತಿದ್ದಾಗ, ಚಿಕಿತ್ಸೆ ಕೊಡುವ ಇನ್ನೊಬ್ಬರಿಗೆ ತಿಳಿಸಬೇಕಾದಾಗ, ಕೋರ್ಟು ಕೇಳಿದಾಗ. ಆಗಲೂ ಎಷ್ಟು ಬೇಕೋ ಅಷ್ಟೇ. ಈ ಪಟ್ಟಿಯನ್ನು ಮೊದಲ ಸೆಷನ್‌ನಲ್ಲೇ ಕ್ಲೈಂಟ್‌ಗೆ ಆಡುಮಾತಿನಲ್ಲಿ ಹೇಳಿ. ಸಹಿ ಆಮೇಲೆ.

ಹದಿನೇಳರ ಹುಡುಗಿ ತನ್ನ ಬಾಯ್‌ಫ್ರೆಂಡ್ ಬಗ್ಗೆ ಹೇಳಿದರೆ?

ನಮ್ಮನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಇದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ. ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಅಂತ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕೌನ್ಸೆಲರ್‌ಗೆ ವಿನಾಯಿತಿ ಇಲ್ಲ. ಚಿಕ್ಕಪ್ಪನಿಂದ ಹಿಂಸೆ ಪಟ್ಟ ಎಂಟು ವರ್ಷದ ಮಗುವಿಗೂ, ಮೈ ಸಂಬಂಧದವರೆಗೆ ಹೋದ ಪಿಯುಸಿಯ ಪ್ರೀತಿ-ಪ್ರೇಮಕ್ಕೂ, ತಿಳಿಸಬೇಕು ಅನ್ನುವ ಸೆಕ್ಷನ್ ಒಂದೇ. ಇದು ಸರಿಯಾ ಅಂತ ಕೇಳಿದರೆ ನನಗೆ ಸರಿ ಕಾಣುವುದಿಲ್ಲ. ಆದರೆ ಕಾನೂನು ಬದಲಾಗುವ ತನಕ ಅದನ್ನು ಮುಚ್ಚಿಟ್ಟುಕೊಂಡು ಕೂರುವ ಹಾಗಿಲ್ಲ.

ಮಾಡಬಹುದಾದ್ದು ಒಂದಿದೆ. ಹದಿಹರೆಯದವರು ಬಾಯಿ ತೆರೆಯುವ ಮುಂಚೆಯೇ ಹೇಳಿ: "ಇಂಥ ವಿಷಯ ನನ್ನ ಕಿವಿಗೆ ಬಿದ್ದರೆ ನಾನು ಸುಮ್ನೆ ಇರೋಕೆ ಆಗಲ್ಲ." ಮಗು ಎಲ್ಲ ಹೇಳಿಕೊಂಡ ಮೇಲೆ ಕಾನೂನು ತೆಗೆಯುವುದಿದೆಯಲ್ಲ, ಅದು ಬೆನ್ನಿಗೆ ಚೂರಿ ಹಾಕಿದಂತೆ. ಮಗುವಿಗೆ ತಕ್ಷಣ ನೆರವು ಬೇಕಾದರೆ ಮಕ್ಕಳ ಸಹಾಯವಾಣಿ 1098.

ಕ್ಲೈಂಟ್ "ಬದುಕಿರೋದೇ ಬೇಡ" ಅಂದರೆ ಮೊದಲು ಏನು ಮಾಡಬೇಕು?

ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ತಲೆಗೆ ಹೊಳೆಸಿದ ಹಾಗಾಗುತ್ತದೆ ಅನ್ನುವುದು ಸುಳ್ಳು. ಕೇಳಿದಾಗ ಹೆಚ್ಚಿನವರು ಉಸಿರು ಬಿಡುತ್ತಾರೆ. ಆಮೇಲೆ ಅಪಾಯದ ವಸ್ತು ಕೈಗೆ ಸಿಗದಂತೆ ಮಾಡುವುದು, ಜೊತೆಗೆ ಇರುವವರು ಯಾರು ಅಂತ ಗೊತ್ತು ಮಾಡುವುದು, ಮನೋವೈದ್ಯರಿಗೆ ತೋರಿಸುವುದು. ಆ ದಿನದ ಮುಂದಿನ ಅಪಾಯಿಂಟ್‌ಮೆಂಟ್‌ಗಳು ಕಾಯಲಿ. ರಾತ್ರಿ ಹೊತ್ತಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ಅದು, ಕನ್ನಡದಲ್ಲಿ ಮಾತಾಡಬಹುದು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್.

"ಪೊಲೀಸ್ ಕೇಸ್ ಆಗುತ್ತಾ?" ಅಂತ ಮನೆಯವರು ಹೆದರುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನೇ ಅಪರಾಧ ಅನ್ನುತ್ತಿದ್ದ ಐಪಿಸಿಯ ಹಳೇ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರನ್ನು ಬಗ್ಗಿಸಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಇದನ್ನು ಮನೆಯವರಿಗೆ ಬಿಡಿಸಿ ಹೇಳಿ. ಹೆದರಿ ಆಸ್ಪತ್ರೆಗೆ ತಡಮಾಡುವವರು ಈಗಲೂ ಇದ್ದಾರೆ.

ಕನ್ನಡದಲ್ಲಿ ಥೆರಪಿ ಆಗುತ್ತಾ? ನಾವು ಓದಿದ್ದೆಲ್ಲ ಇಂಗ್ಲಿಷಿನಲ್ಲಿ.

ಈ ಪ್ರಶ್ನೆಗೆ ನಾನು ಒಂದು ಗಂಟೆ ಮಾತಾಡಬಲ್ಲೆ, ತಡೆದುಕೊಳ್ಳುತ್ತೇನೆ.

ಕಾಲೇಜಿನಲ್ಲಿ ಕಲಿತ ಪ್ರಶ್ನೆಯನ್ನು ಹಾಗೇ ಕನ್ನಡಕ್ಕೆ ಇಳಿಸಿ "ಅದರಿಂದ ನಿಮಗೆ ಏನು ಅನಿಸಿತು?" ಅಂತ ಕೇಳುತ್ತೇವೆ. ಕನಕಪುರದ ಕಡೆಯ ಒಬ್ಬ ಹೆಂಗಸು ನನ್ನನ್ನು ನೋಡಿ, "ಅನ್ಸೋದೇನು ಬಂತು ಮೇಡಂ, ಮಾಡ್ಬೇಕಲ್ಲ" ಅಂದರು. ಆವತ್ತಿನಿಂದ "ಆಗ ಮೈಗೆ ಏನಾಯ್ತು?" ಅಂತ ಕೇಳುವುದು ಕಲಿತೆ. ಕೂಡಲೇ ಬಂತು ಉತ್ತರ. ಎದೆ ಮೇಲೆ ಕಲ್ಲು ಇಟ್ಟಂಗೆ, ಹೊಟ್ಟೆ ಕಿವುಚಿದಂಗೆ, ಕೈಕಾಲು ಸೋತಂಗೆ. ನಮ್ಮ ಜನ ಸಂಕಟವನ್ನು ಮೈಯಲ್ಲಿ ಹೇಳುತ್ತಾರೆ. ಕೇಳಿಸಿಕೊಳ್ಳುವ ಕಿವಿ ಬೇಕು.

'ಖಿನ್ನತೆ' ಪೇಪರಿನ ಪದ, ಯಾರೂ ನನಗೆ ಖಿನ್ನತೆ ಅಂತ ಬರುವುದಿಲ್ಲ. 'ಬೇಜಾರು' ಅಂತ ಬರುತ್ತಾರೆ. ಬೇಜಾರು ಅಂದರೆ ದುಃಖವೂ ಹೌದು, ಸಿಟ್ಟೂ ಹೌದು, ಹೊತ್ತು ಹೋಗದ್ದೂ ಹೌದು, ಅತ್ತೆ ಆಡಿದ ಮಾತು ಚುಚ್ಚಿದ್ದೂ ಹೌದು. "ಎಂಥ ಬೇಜಾರು?" ಅಂತ ಕೇಳದೆ ಮುಂದೆ ಹೋಗಬೇಡಿ. ಧಾರವಾಡದ ಕಡೆಯವರು 'ತ್ರಾಸ' ಅಂದರೆ, ಮಂಗಳೂರಿನವರು 'ಮಂಡೆ ಬಿಸಿ' ಅಂದರೆ, ಅದು ಎಷ್ಟು ದೊಡ್ಡದು ಅಂತ ಅವರ ಅಳತೆಯಲ್ಲೇ ಕೇಳಬೇಕು.

ಇನ್ನೊಂದು 'ನೀನು' ಮತ್ತು 'ನೀವು'. ಇಂಗ್ಲಿಷ್ ಪುಸ್ತಕಕ್ಕೆ ಈ ತಲೆನೋವೇ ಇಲ್ಲ. ಹತ್ತೊಂಬತ್ತರ ಹುಡುಗನಿಗೆ 'ನೀವು' ಅಂದರೆ ಅವನು ಕುರ್ಚಿಯ ತುದಿಗೆ ಬರುತ್ತಾನೆ. 'ನೀನು' ಅಂದರೆ ನಾನು ಅವನ ಅತ್ತೆಯೋ ಚಿಕ್ಕಮ್ಮನೋ ಆಗಿಬಿಡುತ್ತೇನೆ, ಆಮೇಲೆ ಬುದ್ಧಿಮಾತಿಗೆ ಕಾಯುತ್ತಾನೆ. ನಾನು ಕೇಳಿಯೇ ಬಿಡುತ್ತೇನೆ: "ಹೇಗೆ ಕರೀಲಿ?" ಹೆಚ್ಚಿನವರು ನಕ್ಕು 'ನೀನು ಅನ್ನಿ' ಅಂತಾರೆ. ಸಂಬಂಧದ ಮೊದಲ ಮಾತುಕತೆ ಅಲ್ಲೇ ಆಯಿತು ಅಲ್ವಾ?

ಸಾಫ್ಟ್‌ವೇರ್ ಕಂಪನಿಯ ಹುಡುಗರು ನೋವಿನ ವಿಷಯವನ್ನು ಇಂಗ್ಲಿಷಿನಲ್ಲೇ ಹೇಳುತ್ತಾರೆ. ಅದು ಶೋಕಿ ಅಲ್ಲ, ದೂರ ಇಡುವ ಉಪಾಯ. ತಣ್ಣಗೆ 'ಅಬ್ಯೂಸ್' ಅಂತ ಹೇಳಿದ ಒಬ್ಬ ಹುಡುಗ, "ಅಪ್ಪ ಬೆಲ್ಟ್ ತಗೊಂಡು..." ಅಂತ ಕನ್ನಡಕ್ಕೆ ಹೊರಳಿದ ಕೂಡಲೇ ಅರ್ಧಕ್ಕೆ ನಿಂತುಬಿಟ್ಟ. ಭಾಷೆ ಬದಲಾದ ಜಾಗವನ್ನು ಗುರುತು ಹಾಕಿಕೊಳ್ಳಿ.

ಪದಗಳಿಗೆ ತಡಕಾಡುವವರು ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಬರಹ ಓದಿ. ಕಾಯಿಲೆಯ ಬಗ್ಗೆ ತಿಳಿಗನ್ನಡದಲ್ಲಿ ಬರೆಯಬಹುದು ಅಂತ ದಶಕಗಳಿಂದ ತೋರಿಸಿದ್ದಾರೆ. ಕ್ಲೈಂಟ್‌ನ ಮಾತು ತಮಿಳೋ ಉರ್ದುವೋ ಆಗಿ ನಿಮಗೆ ಬಾರದಿದ್ದರೆ, ಬರುವವರ ಹತ್ತಿರ ಕಳಿಸಿ. ಮಗಳನ್ನು ಪಕ್ಕ ಕೂರಿಸಿಕೊಂಡು ಅಮ್ಮನ ಮಾತನ್ನು ಅನುವಾದ ಮಾಡಿಸಬೇಡಿ.

ಆನ್‌ಲೈನ್ ಸೆಷನ್ ನಂಬಬಹುದಾ?

ಕೆಲಸ ಆಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರುವವರಿಗೆ ಒಂದು ಗಂಟೆಯ ಸೆಷನ್ ಅಂದರೆ ಅರ್ಧ ದಿನ. ತೊಂದರೆ ಇಂಟರ್ನೆಟ್ಟಿನದಲ್ಲ, ಜಾಗದ್ದು. ಮೂರು ಜನ ಇರುವ ಪಿಜಿ ರೂಮಿನಲ್ಲಿ ಅಳುವುದೆಲ್ಲಿ? ನನ್ನ ಕ್ಲೈಂಟ್‌ಗಳು ಟೆರೇಸಿನ ನೀರಿನ ಟ್ಯಾಂಕ್ ಪಕ್ಕ ಕೂತು ಮಾತಾಡಿದ್ದಾರೆ, ಆಫೀಸಿನ ಬೇಸ್‌ಮೆಂಟ್‌ನಲ್ಲಿ ಕಾರಿನೊಳಗೆ ಕೂತು ಮಾತಾಡಿದ್ದಾರೆ. ಒಂದು ಗುಟ್ಟಿನ ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ರೂಮ್‌ಮೇಟ್ ಬಂದರೆ ಅವರು "ಕೊರಿಯರ್ ಬಂತಾ?" ಅಂತಾರೆ, ನಾನು ಮಾತು ಬದಲಾಯಿಸುತ್ತೇನೆ. ಪ್ರತಿ ಸೆಷನ್‌ನ ಶುರುವಿನಲ್ಲಿ ಅವರು ಈಗ ಎಲ್ಲಿದ್ದಾರೆ ಅನ್ನುವುದನ್ನೂ, ಹತ್ತಿರದವರೊಬ್ಬರ ನಂಬರನ್ನೂ ಬರೆದುಕೊಳ್ಳಿ. ಫೋನ್ ಕಟ್ಟಾಗಿ ಎದೆ ಧಸಕ್ಕೆಂದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಚಾಟ್‌ಬಾಟ್ ನಮ್ಮ ಕೆಲಸ ಕಿತ್ತುಕೊಳ್ಳುತ್ತಾ?

ಕ್ಲೈಂಟ್‌ಗಳು ಈಗ ಚಾಟ್‌ಜಿಪಿಟಿ ಜೊತೆ ಆಡಿದ ಮಾತನ್ನು ತೋರಿಸಿ "ನೀವೇನಂತೀರಾ?" ಅಂತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ಬೇರೆ ಯಾರೂ ಇರಲಿಲ್ಲ, ಅದಿತ್ತು. ನಾನು ಅದನ್ನು ಓದುತ್ತೇನೆ. ಕ್ಲೈಂಟ್ ಏನು ಕೇಳಿದರು ಅನ್ನುವುದು ನನಗೆ ಮುಖ್ಯ, ಉತ್ತರ ಅಲ್ಲ. ಅದು ಎಲ್ಲದಕ್ಕೂ 'ಹೌದು, ನಿಮ್ಮದೇ ಸರಿ' ಅನ್ನುವ ಚಾಳಿ ಇರುವ ಯಂತ್ರ ಅಂತ ಮಾತ್ರ ಎಚ್ಚರಿಸುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯ 2025ರಲ್ಲಿ, ಎಐ ತಾನೇ ಥೆರಪಿ ಮಾಡುವುದನ್ನು ನಿಷೇಧಿಸಿತು. ನಮ್ಮಲ್ಲಿ ಅಂಥದ್ದಿಲ್ಲ.

ನನ್ನ ಭಯ ನಮ್ಮವರ ಬಗ್ಗೆಯೇ. ಸೆಷನ್ನಿನ ಟಿಪ್ಪಣಿಯನ್ನು ಚಾಟ್‌ಬಾಟ್‌ಗೆ ಹಾಕಿ "ಚೆನ್ನಾಗಿ ಬರೆದುಕೊಡು" ಅನ್ನುವವರನ್ನು ಕಂಡಿದ್ದೇನೆ. ಹೆಸರು ತೆಗೆದರೆ ಸಾಕು ಅಂತಾರೆ. ಊರು, ಕಂಪನಿ, ಇಬ್ಬರು ಮಕ್ಕಳು, ಡೈವೋರ್ಸ್ ಕೇಸು ಎಲ್ಲ ಇದ್ದ ಮೇಲೆ ಹೆಸರು ಯಾಕೆ ಬೇಕು? ಬೇಡ, ಮಾಡಬೇಡಿ.

ಡೈವೋರ್ಸ್ ಕೇಸಿನಲ್ಲಿ ನಮ್ಮ ಟಿಪ್ಪಣಿ ಕೇಳಬಹುದಾ?

ಕೇಳಬಹುದು. ವಕೀಲರ ಹತ್ತಿರ ಆಡಿದ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ಇರುವ ರಕ್ಷಣೆ ಕೌನ್ಸೆಲರ್ ಹತ್ತಿರ ಆಡಿದ ಮಾತಿಗಿಲ್ಲ. ವಕೀಲರು ವಾಟ್ಸಾಪಿನಲ್ಲಿ ಕೇಳಿದರೆ ಕೊಡಬೇಡಿ. ಕೋರ್ಟಿನಿಂದ ಸಮನ್ಸ್ ಬಂದರೆ ನಿಮ್ಮದೇ ವಕೀಲರನ್ನು ಕಂಡು, ಕೇಳಿದಷ್ಟನ್ನು ಮಾತ್ರ ಕೊಡಿ. ಅದಕ್ಕೇ ಟಿಪ್ಪಣಿ ಚಿಕ್ಕದಾಗಿರಬೇಕು. "ಗಂಡ ಹೊಡೆದ ಎಂದು ಹೇಳಿದರು" ಅಂತ ಬರೆಯಿರಿ, "ಗಂಡ ಹೊಡೆಯುತ್ತಾನೆ" ಅಂತ ಬರೆಯಬೇಡಿ. ನೀವು ನೋಡಿಲ್ಲ.

ದಂಪತಿಗಳ ಸೆಷನ್ ಇದ್ದರೆ, ಯಾರೂ ರೆಕಾರ್ಡ್ ಮಾಡಬಾರದು ಅಂತ ಮೊದಲೇ ಬರೆಸಿಕೊಳ್ಳಿ. ಗಂಡ-ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ ಮಾತನ್ನೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ನೋಡಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲಿಂದ ಫೋನ್ ಮೇಜಿನ ಮೇಲೆ ಇಡಿಸುತ್ತೇನೆ, ಇಬ್ಬರದೂ.

ಗಾಂಧಿ ಬಜಾರಿನಲ್ಲಿ ಕ್ಲೈಂಟ್ ಎದುರಾದರೆ?

ಬೆಂಗಳೂರು ದೊಡ್ಡ ಊರು ಅಂತಾರೆ. ಕನ್ನಡದವರ ಬೆಂಗಳೂರು ಚಿಕ್ಕದು. ಕಡಲೆಕಾಯಿ ಪರಿಷೆಯಲ್ಲಿ ಒಮ್ಮೆ ಅರ್ಧ ಗಂಟೆಯಲ್ಲಿ ಮೂವರು ಸಿಕ್ಕರು. ಮದುವೆ ಛತ್ರದಲ್ಲಿ ಊಟದ ಎಲೆಗೆ ಕೂತರೆ ಪಕ್ಕದ ಎಲೆಯಲ್ಲಿ ಕ್ಲೈಂಟ್, ಅವರ ಪಕ್ಕ ನಾನು ವಾರವಾರ ಕತೆ ಕೇಳುತ್ತಿದ್ದ ಅತ್ತೆ! ಮೊದಲ ದಿನವೇ ಹೇಳಿಬಿಡಿ: "ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ. ನೀವು ಮಾತಾಡಿಸಿದರೆ ಮಾತಾಡ್ತೀನಿ." ಹೇಳದಿದ್ದರೆ ಮುಖ ತಿರುಗಿಸಿಕೊಂಡರು ಅಂತ ನೊಂದುಕೊಳ್ಳುತ್ತಾರೆ.

ಉಡುಗೊರೆಗೆ ನನ್ನ ನಿಯಮ ಸ್ವಲ್ಪ ಸಡಿಲ. ತೋಟದ ತೆಂಗಿನಕಾಯಿ, ಸಂಕ್ರಾಂತಿಯ ಎಳ್ಳು-ಬೆಲ್ಲ ತಗೊಳ್ಳುತ್ತೇನೆ. ಎಳ್ಳು-ಬೆಲ್ಲ ಬೇಡ ಅಂದರೆ ಏನು ಅರ್ಥ ಅಂತ ನಮಗೆ ಗೊತ್ತಿಲ್ವಾ? ಸೀರೆ, ಬೆಳ್ಳಿ, ಗಿಫ್ಟ್ ಕಾರ್ಡ್ ಬೇಡ. ಲಗ್ನಪತ್ರಿಕೆ ತಗೊಂಡು ಹರಸುತ್ತೇನೆ, ಮದುವೆಗೆ ಹೋಗುವುದಿಲ್ಲ. ನಂಟರು, ಗೆಳತಿಯ ಗಂಡ, ಮಗನ ಟೀಚರ್, ಇವರನ್ನು ಕ್ಲೈಂಟ್ ಆಗಿ ತಗೊಳ್ಳಲ್ಲ. ದಾಕ್ಷಿಣ್ಯಕ್ಕೆ ಒಮ್ಮೆ ತಗೊಂಡೆ. ಕೊನೆಗೆ ಕ್ಲೈಂಟೂ ಹೋದರು, ಗೆಳತಿಯೂ ಹೋದಳು.

ಫೀಸು ಕೇಳೋಕೆ ನಾಚಿಕೆ ಆಗುತ್ತೆ.

"ಬರೀ ಮಾತಾಡೋಕೆ ದುಡ್ಡಾ?" ಅನ್ನುವವರು ಇದ್ದೇ ಇರುತ್ತಾರೆ. ಫೋನಿನಲ್ಲೇ ಹೇಳಿ, ಮುಖಾಮುಖಿ ಆದಾಗ ಹೇಳುವ ಕಷ್ಟ ತಪ್ಪುತ್ತದೆ. ತಪ್ಪಿಸಿದ ಸೆಷನ್‌ಗೆ ಎಷ್ಟು ಅನ್ನುವುದನ್ನೂ ಆಗಲೇ ಹೇಳಿ. ನಾನು ಹತ್ತರಲ್ಲಿ ಎರಡು ಜಾಗ ಕಡಿಮೆ ಫೀಸಿಗೆ ಇಟ್ಟಿದ್ದೇನೆ. ಅದೂ ತುಂಬಿದ್ದರೆ ನಿಮ್ಹಾನ್ಸ್ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾರಿ ತೋರಿಸುತ್ತೇನೆ. 1996ರಲ್ಲಿ ಶುರುವಾದ ಆ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ, ಎಷ್ಟು ಜನಕ್ಕೆ ಗೊತ್ತು!

ಯುಪಿಐ ಬಗ್ಗೆ ಒಂದು ಎಚ್ಚರ. ಹೆಂಡತಿಯ ಅಕೌಂಟಿನ ಎಸ್‌ಎಂಎಸ್ ಗಂಡನ ಫೋನಿಗೆ ಹೋಗುವ ಮನೆಗಳಿವೆ. ಕ್ಯೂಆರ್ ಕೋಡ್‌ನಲ್ಲಿ 'ಮನಶ್ಶಾಂತಿ ಕೌನ್ಸೆಲಿಂಗ್' ಅಂತ ಬಂದರೆ ಗುಟ್ಟು ರಟ್ಟು. ಬರೀ ನಿಮ್ಮ ಹೆಸರಿರಲಿ. ವಿಮೆ ಕೇಳುತ್ತಾರೆ. ಮಾನಸಿಕ ಕಾಯಿಲೆಗೂ ಮೈ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದು ಅಂತ 2017ರ ಕಾಯ್ದೆ ಹೇಳಿದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುವಂಥವು. ವಾರಕ್ಕೊಂದು ಸೆಷನ್ ಜೇಬಿನಿಂದಲೇ.

ಎಚ್‌ಆರ್ ಅಥವಾ ಪ್ರಿನ್ಸಿಪಾಲ್ "ಯಾರ್ಯಾರು ಬಂದಿದ್ದರು?" ಅಂದರೆ?

ಎಷ್ಟು ಜನ ಅಂತ ಹೇಳಿ, ಯಾರು ಅಂತ ಹೇಳಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಈ ಸಾಲು ಇದೆಯಾ ನೋಡಿ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದ ಮೇಲೆ ಕಾಲೇಜುಗಳಿಂದ ಕರೆ ಬರುತ್ತಿವೆ. ಸಂತೋಷ. ಆದರೆ ಹೋಗುವ ಮುಂಚೆ ಕೋಣೆ ಎಲ್ಲಿ ಅಂತ ಕೇಳಿ. ಸ್ಟಾಫ್ ರೂಮಿನ ಮೂಲೆಯಲ್ಲಿ ಪರದೆ ಕಟ್ಟಿ ಕೊಟ್ಟರೆ ಯಾವ ಮಗು ಬರುತ್ತದೆ?

"ಮಗ ಗೇ ಅಂತಾನೆ, ಸರಿ ಮಾಡಿ" ಅಂದರೆ?

ಆಗಲ್ಲ ಅನ್ನಬೇಕು, ಮುಲಾಜಿಲ್ಲದೆ. ಅದು ಕಾಯಿಲೆ ಅಲ್ಲ. ಅದನ್ನು 'ಸರಿಮಾಡುವ' ಚಿಕಿತ್ಸೆ ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರಿಗೆ 2022ರಲ್ಲೇ ಹೇಳಿದೆ. ನಮಗೆ ಬೇರೆ ನ್ಯಾಯವಾ? ಆದರೆ ಅಪ್ಪ-ಅಮ್ಮನನ್ನು ಹಾಗೇ ವಾಪಸ್ ಕಳಿಸಬೇಡಿ. ಕೂರಿಸಿ. ಅವತ್ತು ಕೌನ್ಸೆಲಿಂಗ್ ಬೇಕಿರುವುದು ಅವರಿಗೆ.

ಗೂಗಲ್‌ನಲ್ಲಿ ಕೆಟ್ಟ ರಿವ್ಯೂ ಬಂದಿದೆ. ಉತ್ತರ ಕೊಡಲಾ?

ಬೇಡ. ಉತ್ತರ ಕೊಟ್ಟರೆ ಅವರು ನಿಮ್ಮ ಕ್ಲೈಂಟ್ ಅಂತ ಊರಿಗೆಲ್ಲ ಸಾರಿದ ಹಾಗೆ.

ರೂಮು ಸಿಗುತ್ತಿಲ್ಲ. ಓನರ್‌ಗಳು ಹೆದರುತ್ತಾರೆ.

"ಹುಚ್ಚರು ಬರ್ತಾರಾ?" ಅಂತ ನೇರವಾಗಿ ಕೇಳುವವರು ವಾಸಿ. ಅಡ್ವಾನ್ಸ್ ತಗೊಂಡು ವಾರ ಬಿಟ್ಟು ವಾಪಸ್ ಕೊಟ್ಟವರೂ ನನಗೆ ಸಿಕ್ಕಿದ್ದಾರೆ. ಏನು ಕೆಲಸ ಅಂತ ಸುಳ್ಳು ಹೇಳದೆ ಹೇಳಿ. ಒಮ್ಮೆ ಕರೆದು ಕೂರಿಸಿ ತೋರಿಸಿ. ರೂಮು ನೋಡುವಾಗ ಗೋಡೆ ತಟ್ಟಿ ನೋಡಿ. ಪ್ಲೈವುಡ್ ಪಾರ್ಟಿಷನ್ ಆದರೆ ಬೇಡ. ಬಾಗಿಲ ಹೊರಗೆ ಸದ್ದು ಮಾಡುವ ಹಳೇ ಟೇಬಲ್ ಫ್ಯಾನ್ ಒಂದಿಟ್ಟರೆ ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬರುವುದಕ್ಕೆ ಹದಿನೈದು ನಿಮಿಷ ಬಿಡಿ, ಮೆಟ್ಟಿಲ ಮೇಲೆ ಮುಖಾಮುಖಿ ಆಗಬಾರದು. ಹೊರಗಿನ ಸದ್ದು ಒಳಗೆ ಬರುವುದಕ್ಕೆ ಮಾತ್ರ ಮದ್ದಿಲ್ಲ. ನಮ್ಮ ಮೇಲಿನ ಮನೆಯ ಕುಕ್ಕರ್ ಮೂರನೇ ಸಲ ಕೂಗಿದರೆ ನನ್ನ ಹನ್ನೊಂದು ಗಂಟೆಯ ಕ್ಲೈಂಟ್ ತಾವಾಗಿಯೇ ಚಪ್ಪಲಿ ಹುಡುಕುತ್ತಾರೆ.